ಗೇಟುಮನೆಯ ಸಲಾಕೆ

೯ ಎಪ್ರಿಲ್ ೧೯೭೯, ಸೋಮವಾರ

ಬಂದಿರಾ, ಮಹಾಜನರೇ? ಮುಂದಿನ ಚಾಪೆಯವರು ಸ್ವಲ್ಪ ಸರಿದು ಕುಳಿತುಕೊಳ್ಳಿ. ಹಿಂದಿನ ಬೆಂಚಿನವರು ಬೀಡಿ ಆರಿಸಿ. ಟಿಕೇಟಿಲ್ಲದೆ ಪಾಗಾರ ಹತ್ತಿದವರು ಅಲ್ಲಿಯೇ ಇರಿ, ನಿಮ್ಮನ್ನು ಇಳಿಸುವಷ್ಟು ಆಳುಗಳು ನನ್ನಲ್ಲಿಲ್ಲ. ಇಪ್ಪತ್ತಾರು ವರ್ಷ ರಾಜನ ಪಾರ್ಟು ಮಾಡಿದ ಗಂಟಲು ಇದು. ನಮ್ಮ ನಾಟಕ ಮಂಡಳಿ ಮುಚ್ಚಿ ಆರು ವರ್ಷವಾದರೂ ಎದುರಿಗೆ ಜನ ಇಲ್ಲದೆ ಒಂದು ವಾಕ್ಯ ಹೊರಡುವುದಿಲ್ಲ. ಆದ್ದರಿಂದ ಈ ನೋಟುಪುಸ್ತಕದ ಗೆರೆಗಳ ಮೇಲೆ ನಿಮ್ಮನ್ನು ಕೂರಿಸಿದ್ದೇನೆ. ಸದ್ದು ಮಾಡಬೇಡಿ, ಮನೆಯವರಿಗೆ ಗೊತ್ತಿಲ್ಲ.

ದೃಶ್ಯ ಇದು. ಅಜೆಕಾರಿನಿಂದ ಒಂದು ಮೈಲು ದೂರದಲ್ಲಿ ರಸ್ತೆಗೆ ಮುಖ ಮಾಡಿ ನಿಂತ ಗೇಟುಮನೆ. ಎಂಬತ್ತು ವರ್ಷದ ಹಿಂದೆ ಯಾವನೋ ಇಂಗ್ಲಿಷ್ ದೊರೆ ಇಲ್ಲಿ ಎಸ್ಟೇಟು ಮಾಡಿದ, ಒಳಗೆ ಬಂಗಲೆ ಕಟ್ಟಿದ, ರಸ್ತೆಯ ಬದಿಗೆ ಈ ಬಾಗಿಲನ್ನು ಎಬ್ಬಿಸಿದ. ಬಂಗಲೆ ಬಿದ್ದುಹೋಯಿತು. ಎಸ್ಟೇಟು ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಕೊಟ್ಟ ಒಕ್ಕಲುಗಳಿಗೆ ಹಂಚಿಹೋಯಿತು. ಬಾಗಿಲು ಮಾತ್ರ ಉಳಿಯಿತು. ನಲವತ್ತು ವರ್ಷ ಗೇಟು ತೆರೆದು ಮುಚ್ಚಿದ ನನ್ನ ಮಾವನಿಗೆ ಅದೇ ಮನೆಯಾಯಿತು, ಅವರ ನಂತರ ಮಗಳು ಬೇಬಿಗೆ. ನಾನು ಬೇಬಿಯ ಗಂಡ, ಮುದ್ದಣ್ಣ.

ನಡುವೆ ಕುದುರೆಗಾಡಿ ಹೋಗುವಷ್ಟು ಅಗಲದ ಕಮಾನು. ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ. ಮುರಕಲ್ಲಿನ ಗೋಡೆ, ಸುಣ್ಣದ ಗಾರೆ, ಮೇಲೆ ಹಂಚು. ಎಡಗಡೆ ಅಡುಗೆ, ಬಲಗಡೆ ನಿದ್ರೆ. ಒಂದು ಲೋಟ ನೀರು ಕುಡಿಯಬೇಕಾದರೂ ಗಾಡಿದಾರಿ ದಾಟಬೇಕು. ಆದರೆ ಮದುವೆಯಾಗಿ ಬಂದ ದಿನವೇ ನಾನು ಗುರುತಿಸಿದ್ದೆ: ಇದು ಮನೆಯಲ್ಲ, ರಂಗಸ್ಥಳ. ಎರಡು ಸೈಡ್ ವಿಂಗು, ನಡುವೆ ಪರದೆಯ ಬಾಯಿ.

ಈಗ ಕಥೆ ಶುರು. ನಮ್ಮ ಒಬ್ಬಳೇ ಮಗಳು ಸುಭಾಷಿಣಿ ಚೊಚ್ಚಲ ಬಸುರಿ. ಗಂಡನೊಂದಿಗೆ ಮಣಿಪಾಲದಲ್ಲಿದ್ದಾಳೆ, ಮೇ ತಿಂಗಳಲ್ಲಿ ಹೆರಿಗೆಗೆ ಇಲ್ಲಿಗೆ ಬರುತ್ತಾಳೆ. ಅವಳು ಹೊಟ್ಟೆ ಹಿಡಿದುಕೊಂಡು ದಾರಿ ದಾಟಿ ಊಟಕ್ಕೆ ಹೋಗುವುದೇ? ಒಳಗಿನ ಒಕ್ಕಲುಗಳು ಈಗ ಬೇರೆ ದಾರಿ ಮಾಡಿಕೊಂಡಿದ್ದಾರೆ. ಹಾಗಾಗಿ ಕಮಾನಿನ ಎರಡೂ ಬಾಯಿ ಮುಚ್ಚಿ ಚಾವಡಿ ಮಾಡುತ್ತೇನೆ. ಹೊರಗೆ ಹಲಗೆ, ಒಳಗೆ ನಮ್ಮ ಮಂಡಳಿಯ ದರ್ಬಾರ್ ಪರದೆ. ನನ್ನ ಮೊಮ್ಮಗು ಕಣ್ಣು ಬಿಟ್ಟಾಗ ಸಿಂಹಾಸನ ಕಾಣಬೇಕು.

ಅಡ್ಡಿ ಒಂದೇ. ಕಮಾನಿನ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ, ತಲೆಗಿಂತ ಮೂರು ಗೇಣು ಮೇಲೆ, ಹೆಬ್ಬೆರಳು ದಪ್ಪದ ಕಬ್ಬಿಣದ ಸಲಾಕೆ ಉಂಟು. ಪರದೆ ಇಳಿಸಿದರೆ ಸಿಂಹಾಸನದ ಸೊಂಟಕ್ಕೆ ಸರಿಯಾಗಿ ತಾಗುತ್ತದೆ. ಸಲಾಕೆಯ ತುದಿಗಳು ಗೋಡೆಯನ್ನು ಹೊಕ್ಕು ಎರಡೂ ಕೋಣೆಗಳ ಒಳಗೆ ಎಂಟೆಸಳಿನ ಕಬ್ಬಿಣದ ಹೂವಾಗಿ ಅರಳಿವೆ. ಬೇಬಿ ಬಲಕೋಣೆಯ ಹೂವಿಗೆ ಕ್ಯಾಲೆಂಡರ್ ನೇತುಹಾಕಿದ್ದಾಳೆ. ಮಾವ ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಏಣಿ ಇಟ್ಟು ಹತ್ತಿ, ಸಲಾಕೆಗೆ ಹೊನ್ನೆ ಎಣ್ಣೆ ಉಜ್ಜಿ, ಗಂಧ ಹಚ್ಚಿ ಇಳಿಯುತ್ತಿದ್ದರು. ಎಂತಕ್ಕೆ ಎಂದು ಕೇಳಿದರೆ "ದೊರೆ ಹೇಳಿದ್ದು" ಎಂದಷ್ಟೇ ಉತ್ತರ. ದೊರೆ ಲಾಂದ್ರ ನೇತುಹಾಕಿದ ಕೋಲಿಗೆ ಪೂಜೆ ಮಾಡಿದವರನ್ನು ನೀವು ಬೇರೆಲ್ಲಿಯಾದರೂ ಕಂಡಿದ್ದೀರಾ?

ಬೇಬಿ ನಾಳೆ ವಿಷು ಹಬ್ಬಕ್ಕೆ ಕಾಪುವಿನ ಅಕ್ಕನ ಮನೆಗೆ ಹೊರಡುತ್ತಾಳೆ. ಅವಳು ಬರುವುದರೊಳಗೆ ಸಲಾಕೆ ಇರುವುದಿಲ್ಲ.

೧೩ ಎಪ್ರಿಲ್, ಶುಕ್ರವಾರ

ಸಭಿಕರೇ, ಗೆದ್ದೆ. ಕಾರ್ಕಳದಿಂದ ತಂದ ಗರಗಸದ ಐದು ಬ್ಲೇಡು ಮುರಿದವು. ಎರಡು ದಿನ ಏಣಿಯ ಮೇಲೆ ನಿಂತು ಕೊಯ್ದೆ. ಬಲಗಡೆಯ ಕೊಯ್ತ ಮುಗಿದ ಕ್ಷಣದಲ್ಲಿ ಠಣ್ ಎಂದು ಸದ್ದಾಯಿತು, ಕೊಯ್ದ ಎರಡು ಮುಖಗಳೂ ತಾವಾಗಿ ಬಿಟ್ಟುಕೊಂಡು ಒಂದು ಅಕ್ಕಿಕಾಳಿನಷ್ಟು ದೂರ ನಿಂತವು. ನಾನು ಎಳೆದದ್ದಲ್ಲ. ದೊರೆಯ ಕಾಲದ ಕಬ್ಬಿಣಕ್ಕೆ ಎಷ್ಟು ಬಿಗುಮಾನ ನೋಡಿ.

ಎಡಗಡೆಯನ್ನೂ ಕೊಯ್ದು ಒಂಬತ್ತು ಅಡಿಯ ಸಲಾಕೆಯನ್ನು ಇಳಿಸಿದೆ. ಎಲ್ಲಿಡುವುದು? ಹಳೆಯ ಅರಣ್ಯದ ಪರದೆಯೊಳಗೆ ಸುತ್ತಿ ಅಟ್ಟದ ಮೇಲೆ ಮಲಗಿಸಿದೆ. ದರ್ಬಾರ್ ಪರದೆ ಇಳಿಸಿ ನೋಡಿದೆ. ಸಿಂಹಾಸನ ಇಡಿಯಾಗಿ ಕಾಣುತ್ತದೆ. ಒಬ್ಬನೇ ನಿಂತು ಒಂದು ಗಂಟೆ ಡಯಲಾಗು ಹೇಳಿದೆ. ಕಮಾನಿನ ಕೆಳಗೆ ಧ್ವನಿ ಎಷ್ಟು ಚಂದ ಗುಂಯ್‌ಗುಡುತ್ತದೆ.

೧೭ ಎಪ್ರಿಲ್, ಮಂಗಳವಾರ

ಬೇಬಿ ಬಂದಳು. ಪರದೆ ನೋಡಲಿಲ್ಲ, ನೇರ ಮೇಲೆ ನೋಡಿದಳು.

"ಸಲಾಕೆ ಎಲ್ಲಿ?"

"ತುಕ್ಕು ಹಿಡಿದಿತ್ತು. ಬಿತ್ತು. ಗುಜರಿಯವನಿಗೆ ಕೊಟ್ಟೆ."

"ಅಪ್ಪ ವರ್ಷ ವರ್ಷ ಎಣ್ಣೆ ಹಾಕಿದ ಸಲಾಕೆಗೆ ತುಕ್ಕು ಹಿಡಿಯಿತಾ?"

"ಕಬ್ಬಿಣ ಅಲ್ವಾ, ಹಿಡಿಯುತ್ತದೆ."

"ನನ್ನ ತೊಟ್ಟಿಲು ಕಟ್ಟಿದ್ದು ಅದಕ್ಕೆ," ಎಂದಳು. "ಸುಭಾಷಿಣಿಯದ್ದೂ ಅದಕ್ಕೇ. ನೀವು ಆಗ ನಾಟಕದ ಕ್ಯಾಂಪಿನಲ್ಲಿದ್ದಿರಿ, ನಿಮಗೆ ಎಂತ ಗೊತ್ತು."

ಮತ್ತೆ ಆ ಮಾತು ತೆಗೆಯಲಿಲ್ಲ. ಪರದೆಗಳನ್ನು ಸರಿಯಾಗಿ ಮಡಚಿಡುತ್ತೇನೆಂದು ಅಟ್ಟ ಹತ್ತಿದವಳು ಸ್ವಲ್ಪ ಹೊತ್ತಿನಲ್ಲಿ ಸುಮ್ಮನೆ ಇಳಿದುಬಂದಳು.  ಅವಳಿಗೆ ಏನೂ ಕಂಡಿರಲಿಕ್ಕಿಲ್ಲ.

೨೮ ಎಪ್ರಿಲ್, ಶನಿವಾರ

ಮಹನೀಯರೇ, ಖಳನಾಯಕನ ಪ್ರವೇಶ.

ನಾಲ್ಕು ದಿನದ ಹಿಂದೆ ಕಮಾನಿನ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಸುಣ್ಣ ಬಳಿದೆ. ಮರುದಿನ ಸುಣ್ಣದ ಮೇಲೆಯೇ ಗೆರೆ. ಬಿರುಕು ಬೆಳೆಯುತ್ತದೋ ಇಲ್ಲವೋ ನೋಡಲು ಅದರ ಮೇಲೆ ಅಡ್ಡಲಾಗಿ ಕಾಗದ ಅಂಟಿಸಬೇಕು ಎಂದು ಮೇಸ್ತ್ರಿಗಳು ಹೇಳುವುದನ್ನು ಕೇಳಿದ್ದೆ. ಮನೆಯಲ್ಲಿ ಕಾಗದಕ್ಕೆ ಬರವಿಲ್ಲ. ನಮ್ಮ ಮಂಡಳಿಯ ಹಳೆಯ ಹ್ಯಾಂಡ್‌ಬಿಲ್ಲು ಅಂಟಿಸಿದೆ: ಕಿರೀಟ ಇಟ್ಟ ನನ್ನ ಚಿತ್ರ, ಕೆಳಗೆ "ರಾಜಗಾಂಭೀರ್ಯದ ಮುದ್ದಣ್ಣ".

ಇವತ್ತು ಮಧ್ಯಾಹ್ನ ಗಂಜಿಗೆ ಕುಳಿತಿದ್ದೆ. ಹನ್ನೆರಡೂವರೆಗೆ ರೊಸಾರಿಯೊನ ಕರಿಕಲ್ಲಿನ ಕೋರೆಯಲ್ಲಿ ಬಂಡೆ ಒಡೆಯುವ ಮದ್ದು ಸಿಡಿಯಿತು. ಕೋರೆ ಇಲ್ಲಿಂದ ಮುಕ್ಕಾಲು ಮೈಲು. ನೆಲ ಸಣ್ಣಗೆ ನಡುಗಿತು, ಗಾರೆಯ ಚೂರೊಂದು ಬಂದು ನನ್ನ ಗಂಜಿಯಲ್ಲಿ ಬಿತ್ತು. ಎದ್ದು ಹೋಗಿ ನೋಡಿದರೆ ಹ್ಯಾಂಡ್‌ಬಿಲ್ಲು ನನ್ನ ಕಿರೀಟದ ಹತ್ತಿರ ಬಿಗಿದುಕೊಂಡು ನೆರಿಗೆ ಬಿದ್ದಿದೆ.

ಕೋರೆ. ಮತ್ತೇನು?

ಮೂವತ್ತು ವರ್ಷದಿಂದ ಅಲ್ಲಿ ಮದ್ದು ಸಿಡಿಯುತ್ತಿದೆ, ಹೌದು. ಆದರೆ ಸಹನೆಗೂ ಒಂದು ಮಿತಿ ಇರುತ್ತದೆ.

೬ ಮೇ, ಭಾನುವಾರ

ಇವತ್ತು ನೀವು ಅಲ್ಲಿರಬೇಕಿತ್ತು. ಕೋರೆಯ ಮೇಲೆ ನಾನು ಕೊಟ್ಟ ದೂರಿಗೆ ಪಂಚಾಯತಿನ ಅಂಗಳದಲ್ಲಿ ಇನ್ನೂರು ಜನ. ಮೈಕು ಕೊಟ್ಟರು, ಬೇಡವೆಂದು ದೂಡಿದೆ. ಹೊಟ್ಟೆಯಲ್ಲಿರುವ ಮಗುವಿನ ಹೆಸರಿನಲ್ಲಿ, ನೂರು ವರ್ಷ ಬಾಳಬೇಕಾದ ಮನೆಯ ಹೆಸರಿನಲ್ಲಿ ಕೇಳಿದೆ: ಕಲ್ಲು ಮಾರುವವನಿಗಾಗಿ ಕಲ್ಲಿನ ಕೆಳಗೆ ಮಲಗುವವರು ಸಾಯಬೇಕೇ? ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆರು ವರ್ಷದ ನಂತರ ಆ ಸದ್ದು ಕೇಳಿದೆ. ಚಪ್ಪಾಳೆಗೆ ಮೊದಲು ಬರುವ ಆ ಮೌನ.

ಒಬ್ಬನೇ ಎದ್ದು ನಿಂತವನು ಶೇಖರ. ಕೋರೆಯಲ್ಲಿ ಮದ್ದಿನ ಕುಳಿ ಕೊರೆಯುವವನು, ನಮ್ಮ ಹತ್ತಿರದ ಮನೆಯವನು. ಅವನ ಹೆಂಡತಿ ಅಪ್ಪಿ ಅಲ್ಲಿಯೇ ಜಲ್ಲಿ ಒಡೆಯುತ್ತಾಳೆ.

"ಮುದ್ದಣ್ಣಣ್ಣ, ಒಂದು ಮಾತು. ನನ್ನ ಮನೆ ನಿಮ್ಮದಕ್ಕಿಂತ ಕೋರೆಗೆ ಹತ್ತಿರ. ನನ್ನ ಗೋಡೆಯಲ್ಲಿ ಬಿರುಕಿಲ್ಲ. ಅದು ಎಂತ?"

"ನಿನ್ನದು ಮಣ್ಣಿನ ಗೋಡೆ ಮಾರಾಯ," ಎಂದೆ. "ಬಿರುಕು ಬಿಡಲಿಕ್ಕೂ ಒಂದು ಅಂತಸ್ತು ಬೇಕು."

ಸಭೆ ಬಿದ್ದು ಬಿದ್ದು ನಕ್ಕಿತು. ಶೇಖರನೂ ಸ್ವಲ್ಪ ನಕ್ಕು ಕುಳಿತ.

ಠರಾವು ಆಯಿತು. ತಹಶೀಲ್ದಾರರು ಬಂದು ನೋಡುವವರೆಗೆ ಕೋರೆಯ ಕೆಲಸ ಬಂದ್.

೧೨ ಮೇ, ಶನಿವಾರ

ಆರು ದಿನದಿಂದ ಮದ್ದಿಲ್ಲ. ಕೋರೆಯಿಂದ ಸುತ್ತಿಗೆಯ ಸದ್ದೂ ಇಲ್ಲ.

ಬೆಳಿಗ್ಗೆ ನೋಡಿದೆ. ಹ್ಯಾಂಡ್‌ಬಿಲ್ಲು ಹರಿದಿದೆ. ಕಿರೀಟ ಒಂದು ಕಡೆ, ಗಡ್ಡ ಒಂದು ಕಡೆ.

ಹಳೆಯ ಮದ್ದಿನ ಪರಿಣಾಮ ಈಗ ಹೊರಬಂದಿರಬೇಕು. ಇನ್ನೊಂದು ಅಂಟಿಸಿದ್ದೇನೆ.

೧೬ ಮೇ, ಬುಧವಾರ

ಸುಭಾಷಿಣಿ ಬಂದಳು. ಮುಖ ತುಂಬಿದೆ, ಕಾಲು ಊದಿದೆ. ಚಾವಡಿ ನೋಡಿ ನಕ್ಕಳು. "ಅಪ್ಪ, ಇದು ಬಾಣಂತಿ ಕೋಣೆಯಾ, ಅರಮನೆಯಾ? ದಾದಿಗೆ ಕತ್ತಿ ಕೊಟ್ಟು ಬಾಗಿಲಲ್ಲಿ ನಿಲ್ಲಿಸುವುದಾ?" ಚಾವಡಿಯಲ್ಲಿ ಮಲಗುವುದು ಬೇಡವೆಂದೆ, ಬಣ್ಣದ ವಾಸನೆ ಎಂದು ನೆವ ಹೇಳಿದೆ. ಬಲಕೋಣೆಯಲ್ಲಿ ಮಲಗಿದ್ದಾಳೆ, ಕಬ್ಬಿಣದ ಹೂವಿನ ಗೋಡೆಗೆ ತಲೆಯಿಟ್ಟು.

ಸಂಜೆ ರೊಸಾರಿಯೊ ಬಂದಿದ್ದ. ಸೈಕಲನ್ನು ಕಮಾನಿನ ಹೊರಗೆ ನಿಲ್ಲಿಸಿದ, ಒಳಗೆ ಬರಲಿಲ್ಲ.

"ಭಾಷಣ ಫಸ್ಟ್ ಕ್ಲಾಸ್ ಇತ್ತು ಮಾರಾಯ್ರೆ. ಟಿಕೇಟಿಲ್ಲದೆ ನಾಟಕ ನೋಡಿದ ಹಾಗಾಯ್ತು ಅಂತ ಝೀಟಾ ಹೇಳಿದಳು. ನನ್ನ ಹೆಂಡತಿಗೆ ನಾಟಕ ಅಂದರೆ ಭಾರಿ ಪ್ರೀತಿ."

"ನೀವು ಬಂದದ್ದು ಎಂತಕ್ಕೆ?"

"ಮೂವತ್ತಕ್ಕೆ ತಹಶೀಲ್ದಾರರು ಬರುತ್ತಾರಂತೆ. ನೀವು ಆಣೆ ಮಾಡಿ ಹೇಳಿದರೆ ಕೋರೆ ಖಾಯಂ ಬಂದ್. ನನಗೆ ಕುಂದಾಪುರದ ಕಡೆ ಇನ್ನೊಂದು ಉಂಟು, ನಾನು ಬದುಕುತ್ತೇನೆ. ಇಲ್ಲಿಯ ಮೂವತ್ತು ಮನೆಯವರಿಗೆ ಇದೇ ಕಡೆಯ ತಿಂಗಳು. ಮಳೆ ಬಿದ್ದರೆ ಕೋರೆಯಲ್ಲಿ ನೀರು ನಿಲ್ಲುತ್ತದೆ, ದೀಪಾವಳಿಯವರೆಗೆ ಕೆಲಸ ಇಲ್ಲ. ಶೇಖರ ಗಾಡಿ ಹತ್ತುತ್ತಾನಂತೆ, ಘಟ್ಟದ ಮೇಲೆ ಕೆಲಸ ಹುಡುಕಿಕೊಂಡು. ಅದನ್ನು ಹೇಳಲಿಕ್ಕೆ ಬಂದೆ, ಬೇರೆ ಎಂತದ್ದೂ ಇಲ್ಲ."

ಅವನು ಹೋದ ಮೇಲೆ ಏಣಿ ಇಟ್ಟು ಹತ್ತಿದೆ. ಎರಡನೆಯ ಕಾಗದವೂ ಹರಿದಿದೆ. ಬಿರುಕಿನಲ್ಲಿ ಕಿರುಬೆರಳಿನ ಉಗುರು ಹೋಗುತ್ತದೆ.

ಉಡುಪಿಯ ಕಡಿಯಾಳಿಯಲ್ಲಿ ಅನಂತಪದ್ಮನಾಭ ಭಟ್ಟರು ಎಂಬ ರಿಟೈರ್ಡ್ ಓವರ್ಸಿಯರ್ ಇದ್ದಾರೆ. ನಮ್ಮ ಮಂಡಳಿಯ ಆಟ ಒಂದನ್ನೂ ಬಿಟ್ಟವರಲ್ಲ. ಅವರಿಗೆ ಕಾರ್ಡು ಬರೆದೆ.

೨೧ ಮೇ, ಸೋಮವಾರ

ಭಟ್ಟರು ಹತ್ತು ಗಂಟೆಯ ಬಸ್ಸಿಗೆ ಬಂದರು. ಕೊಡೆಯ ತುದಿಯಿಂದ ಗೋಡೆ ತಟ್ಟುತ್ತಾ ಸುತ್ತ ನಡೆದರು. ಬಲಕೋಣೆಗೆ ಹೋಗಿ ಕ್ಯಾಲೆಂಡರ್ ಎತ್ತಿ ಕಬ್ಬಿಣದ ಹೂವನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇದನ್ನು ಎಂತ ಅಂತ ತಿಳಿದಿದ್ದೀರಿ?"

"ಹೂ. ಅಲಂಕಾರ."

"ಹೂವಲ್ಲ ಮಾರಾಯ್ರೆ, ಗಂಟು. ಆ ಕಡೆ ಒಂದು, ಈ ಕಡೆ ಒಂದು. ಇದರ ಹಗ್ಗ ಎಲ್ಲಿ?"

ನಾನು ಕ್ಯಾಲೆಂಡರನ್ನು ಮತ್ತೆ ಹೂವಿಗೆ ನೇತುಹಾಕಿದೆ. ಅವರು ನನ್ನನ್ನು ಕಮಾನಿನ ಕೆಳಗೆ ಕರೆದು, ಸಾರಿಸಿದ ನೆಲದ ಮೇಲೆ ಕಾಲು ಅಗಲಿಸಿ ನಿಲ್ಲಲು ಹೇಳಿದರು. ಇನ್ನೂ ಅಗಲ, ಇನ್ನೂ ಅಗಲ ಎಂದರು. ಆಮೇಲೆ ನನ್ನ ಎರಡೂ ಹೆಗಲ ಮೇಲೆ ಕೈಯೂರಿ ಭಾರ ಬಿಟ್ಟರು.

"ಕಾಲು ಎಲ್ಲಿಗೆ ಹೋಗುತ್ತದೆ?"

"ಹೊರಗೆ ಜಾರುತ್ತದೆ."

"ನಿಮ್ಮ ಹೆಗಲಿನ ಈ ಬೈರಾಸನ್ನು ಎರಡು ಕಾಲಿಗೂ ಸೇರಿಸಿ ಕಟ್ಟಿದ್ದರೆ?"

"ಜಾರುವುದಿಲ್ಲ," ಎಂದೆ. ಇಪ್ಪತ್ತಾರು ವರ್ಷ ರಂಗದಲ್ಲಿ ನಿಂತವನಿಗೆ ನಿಲ್ಲುವುದೆಂದರೆ ಏನೆಂದು ಇವತ್ತು ಗೊತ್ತಾಯಿತು.

"ಕಮಾನು ದಿನವಿಡೀ ಕಾಲು ಜಾರಿಸಲಿಕ್ಕೆ ನೋಡುತ್ತದೆ," ಎಂದರು. "ಕಟ್ಟಿದವನಿಗೆ ಗೊತ್ತಿತ್ತು. ಗೋಡೆ ದಪ್ಪ ಮಾಡುವ ಬದಲು ಸಲಾಕೆ ಹಾಕಿದ. ಅದಕ್ಕೇ ಮನೆ ಇಷ್ಟು ಹಗುರ, ಇಷ್ಟು ಚಂದ. ಸಲಾಕೆ ಎಂತ ಆಯಿತು?"

ಬೇಬಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ತುಕ್ಕು ಹಿಡಿದು ಬಿತ್ತು," ಎಂದೆ.

ಭಟ್ಟರು ಏಣಿ ಹತ್ತಿ, ಗೋಡೆಯಲ್ಲಿ ಉಳಿದ ತುಂಡಿನ ಮುಖವನ್ನು ಬೆರಳಿನಿಂದ ಸವರಿದರು. ಇಳಿದು ಬಂದು ಕೈ ತೊಳೆದುಕೊಂಡರು. ಬಸ್ಸಿಗೆ ಬಿಡಲು ಹೋದಾಗ ಮೆಲ್ಲಗೆ ಹೇಳಿದರು: "ತುಕ್ಕು ಅಷ್ಟು ನುಣುಪಾಗಿ ತಿನ್ನುವುದಿಲ್ಲ. ನಾನು ಯಾರಿಗೂ ಹೇಳುವುದಿಲ್ಲ, ಹೇಳಬೇಕಾದವನು ನಾನಲ್ಲ. ಮೊದಲ ದೊಡ್ಡ ಮಳೆಗೆ ಬುಡದ ಮಣ್ಣು ಮೆತ್ತಗಾಗುತ್ತದೆ. ಅದಕ್ಕೆ ಮೊದಲು ಸಲಾಕೆ ಬೆಸೆಯಬೇಕು. ಅಲ್ಲಿಯವರೆಗೆ ಕಮಾನಿನ ಕೆಳಗೆ ಊರುಗಂಬ ಕೊಡಿ. ಅಷ್ಟು ದಪ್ಪ ಕಬ್ಬಿಣ ಬೆಸೆಯುವ ಕುಲುಮೆ ಹತ್ತಿರ ಎಲ್ಲಿ ಉಂಟು?"

ಉಳಿ, ಹಾರೆ ಹದ ಮಾಡುವ ದೊಡ್ಡ ಕುಲುಮೆ ಈ ಸುತ್ತಿನಲ್ಲಿ ಒಂದೇ. ರೊಸಾರಿಯೊನ ಕೋರೆಯದ್ದು. ಹದಿನೈದು ದಿನದಿಂದ ಅದರಲ್ಲಿ ಬೆಂಕಿಯಿಲ್ಲ.

೨೪ ಮೇ, ಗುರುವಾರ

ಸುಭಾಷಿಣಿಗೆ ಮಣಿಪಾಲಕ್ಕೆ ವಾಪಸು ಹೋಗು ಎಂದೆ, ಅಲ್ಲಿ ದೊಡ್ಡ ಆಸ್ಪತ್ರೆ ಉಂಟಲ್ಲ ಎಂದೆ. "ಬಂದು ಎಂಟು ದಿನ ಆಯಿತಷ್ಟೇ, ಓಡಿಸುತ್ತೀರಾ?" ಎಂದು ಅತ್ತಳು. ಎಡಕೋಣೆಯಲ್ಲಿ ಮಲಗು ಎನ್ನಲು ಹೊರಟೆ. ಎಡದ ಗೋಡೆಯೂ ಅದೇ ಕಮಾನಿನ ಕಾಲು. ಹಗಲೆಲ್ಲ ಅವಳನ್ನು ಮಾವಿನ ನೆರಳಿನಲ್ಲಿ ಕೂರಿಸುತ್ತೇನೆ. ಸೆಕೆ ಎನ್ನುತ್ತೇನೆ.

ಮಧ್ಯಾಹ್ನ ಶೇಖರ ನಾಲ್ಕು ಮರದ ಕಂಬಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದ. ನಾನು ಹೇಳಿಕಳಿಸಿರಲಿಲ್ಲ. ಕಮಾನು ಜಾರುತ್ತಿದೆ ಎಂದು ಬೇಬಿ ಅಪ್ಪಿಯ ಹತ್ತಿರ ಹೇಳಿದ್ದಳಂತೆ. ಕಮಾನಿಗೆ ಕಂಬ ಕೊಟ್ಟು, ಬುಡಕ್ಕೆ ಕಲ್ಲು ಜಡಿದು, ಮೈ ಒರೆಸಿಕೊಂಡ.

"ಮಣ್ಣಿನ ಗೋಡೆಯವನ ಕಂಬ," ಎಂದ. "ನಿಮ್ಮ ಅಂತಸ್ತಿಗೆ ಆಗುತ್ತದಾ ನೋಡಿ."

  ನೀರು ಕೊಟ್ಟೆ, ಕುಡಿದ.

"ಯಾವಾಗ ಹೊರಡುವುದು?"

"ಮುಂದಿನ ಗುರುವಾರ. ತೀರ್ಥಹಳ್ಳಿ ಕಡೆ ರಸ್ತೆ ಕೆಲಸ ಉಂಟಂತೆ. ಅಪ್ಪಿಗೆ ಅಲ್ಲಿಯ ಚಳಿ ಆಗುವುದಿಲ್ಲ. ಎಂತ ಮಾಡುವುದು."

೨೭ ಮೇ, ಭಾನುವಾರ

ಮೂಡಣದಲ್ಲಿ ಮೋಡ. ಎರಡು ಹನಿ ಬಿತ್ತು, ನಿಂತಿತು. ಕಮಾನಿನ ಬುಡದ ಮಣ್ಣನ್ನು ಬೆರಳಿನಿಂದ ಒತ್ತಿ ನೋಡಿದೆ. ಅರ್ಧ ಗಂಟೆಗೊಮ್ಮೆ ಒತ್ತಿ ನೋಡಿದೆ. ಬೇಬಿ ಮೆಟ್ಟಿಲ ಮೇಲೆ ಕುಳಿತು ಹೀರೆಕಾಯಿ ಹೆರೆಯುತ್ತಿದ್ದಳು.

"ಅಟ್ಟದಿಂದ ತೆಗೆಯುತ್ತೀರಾ, ನಾನೇ ತೆಗೆಯಬೇಕಾ?"

"ಎಂತದನ್ನು?"

"ಆ ಅರಣ್ಯದ ಪರದೆ. ನಾನು ಕಾಪುವಿನಿಂದ ಬಂದ ದಿನ ಮಡಚಲಿಕ್ಕೆ ಹೋದೆ. ಪರದೆ ಬಾಗಲಿಲ್ಲ."

ನಾನು ಅವಳ ಪಕ್ಕದಲ್ಲಿ ಕುಳಿತೆ. 

"ಅಂದೇ ಹೇಳಬಹುದಿತ್ತಲ್ಲ."

"ಹೇಳಬೇಕಾದ್ದು ನೀವು. ಕಾದೆ. ಪಂಚಾಯತಿನಲ್ಲಿ ನೀವು ಮಾತಾಡುವಾಗ ಹಿಂದೆ ನಿಂತಿದ್ದೆ. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ. ಜನ ಚಪ್ಪಾಳೆ ಹೊಡೆದರು. ನಾನು ಮನೆಗೆ ಬಂದೆ." ಹೀರೆಕಾಯಿ ಪೂರ್ತಿ ಹೆರೆದು ಮುಗಿಸಿದಳು. "ಅಪ್ಪ ಸಾಯುವ ಮೊದಲು ಎಂತ ಹೇಳಿದ್ದು ಗೊತ್ತುಂಟಾ? ಗೇಟು ಯಾರು ಬೇಕಾದರೂ ಕಾಯಲಿ, ನೀನು ಸಲಾಕೆ ನೋಡಿಕೋ ಅಂತ. ಎಂತಕ್ಕೆ ಅಂತ ಅವರಿಗೂ ಗೊತ್ತಿರಲಿಲ್ಲ ಪಾಪ. ಆದರೂ ನೋಡಿಕೊಂಡರು."

ಸಂಜೆ ಅವಳು ಸುಭಾಷಿಣಿಯ ಚಾಪೆ, ದಿಂಬು ಹೊತ್ತು ಶೇಖರನ ಮನೆಗೆ ಕರೆದುಕೊಂಡು ಹೋದಳು. ಮಗಳಿಗೆ ಏನು ಹೇಳಿದಳೋ ಕೇಳಲಿಲ್ಲ. ಸುಭಾಷಿಣಿ ಹೋಗುವಾಗ ನನ್ನ ಮುಖ ನೋಡಲಿಲ್ಲ. ಆ ಮಣ್ಣಿನ ಗೋಡೆಗಳ ನಡುವೆ ನನ್ನ ಮಗಳು ಚೆನ್ನಾಗಿ ನಿದ್ದೆ ಮಾಡಿದಳೆಂದು ನಾಳೆ ಬೇಬಿ ಹೇಳಬೇಕು, ನಾನು ಕೇಳಬೇಕು.

೨೯ ಮೇ, ಮಂಗಳವಾರ

ಬೆಳಿಗ್ಗೆ ಒಂದು ಗಂಟೆ ಮಳೆ ಹೊಡೆಯಿತು. ಎಡಗಡೆಯ ಊರುಗಂಬ ಒಂದು ಕಿರ್ ಎಂದಿತು. ನಾನೂ ಬೇಬಿಯೂ ಹೊರಗೆ ಹಲಸಿನ ಮರದ ಕೆಳಗೆ ನೆನೆಯುತ್ತಾ ನಿಂತು ನೋಡಿದೆವು. ಕಂಬ ಜಾರಲಿಲ್ಲ. ಶೇಖರ ಜಡಿದ ಕಲ್ಲು ಅಲ್ಲಾಡಲಿಲ್ಲ. ಮಳೆ ನಿಂತ ಮೇಲೆ ಬೇಬಿ ಒಳಗೆ ಹೋಗಿ ಒಲೆ ಹಚ್ಚಿದಳು. ನಾನು ದರ್ಬಾರ್ ಪರದೆ ಬಿಚ್ಚಿ ಮಡಚಿದೆ. ನೀರು ತಾಗಿ ಸಿಂಹಾಸನದ ಬಣ್ಣ ಹರಿದಿತ್ತು.

ಮಧ್ಯಾಹ್ನ ಕುಳಿತು ನಾಳೆ ತಹಶೀಲ್ದಾರರ ಎದುರು ಹೇಳಬೇಕಾದದ್ದನ್ನು ಬರೆದೆ. ಎರಡು ಪುಟವಾಯಿತು. ಓದಿದರೆ ನನಗೇ ಕಣ್ಣೀರು ಬಂತು, ಅದಕ್ಕೇ ಹರಿದೆ. ಮತ್ತೆ ಬರೆದೆ, ಒಂದು ಪುಟ. ಅದನ್ನೂ ಹರಿದೆ. ಬೇಬಿ ಚಹಾ ತಂದಿಟ್ಟು, "ಎಷ್ಟು ಮಾತು ಉಂಟು ಅದರಲ್ಲಿ?" ಎಂದು ಕೇಳಿದಳು. ಎಣಿಸಿದರೆ ಮೂರು ಸಾಕು.

ಅಟ್ಟದಿಂದ ಸಲಾಕೆ ಇಳಿಸಿದ್ದೇನೆ. ಹೊನ್ನೆ ಎಣ್ಣೆ ಉಜ್ಜಿದೆ. ಮಾವನ ಎಣ್ಣೆಯ ಕುಪ್ಪಿಯಲ್ಲಿ ತಳದಲ್ಲಿ ಸ್ವಲ್ಪ ಉಳಿದಿತ್ತು. ಒಂದೇ ಒಂದು ಕಡೆಯೂ ತುಕ್ಕಿಲ್ಲ.

ತಹಶೀಲ್ದಾರರ ಜೀಪು ಹತ್ತಕ್ಕೆ ಕೋರೆಗೆ ಬರುತ್ತದೆ. ನಾಳೆ ಬೆಳಿಗ್ಗೆ ಏಳಕ್ಕೆ ನಾನು ಸಲಾಕೆಯನ್ನು ಹೆಗಲ ಮೇಲೆ ಹೊತ್ತು ಹೊರಡುತ್ತೇನೆ. ಮೊದಲು ಶೇಖರನ ಅಂಗಳಕ್ಕೆ ಹೋಗುತ್ತೇನೆ. ಅಪ್ಪಿ ಇರಬೇಕು, ಸುಭಾಷಿಣಿ ಇರಬೇಕು. ಸಲಾಕೆ ಕೆಳಗಿಡುತ್ತೇನೆ. "ಸಲಾಕೆ ನಾನೇ ಕೊಯ್ದದ್ದು" ಎನ್ನುತ್ತೇನೆ. ಅಲ್ಲಿ ಹೇಳಿ ಮುಗಿಸಿದ ಮೇಲೆ ಮತ್ತೆ ಎತ್ತಿಕೊಂಡು ಕೋರೆಗೆ ನಡೆದು, ಕುಲುಮೆಯ ಪಕ್ಕದಲ್ಲಿ ನಿಂತು ಜೀಪಿಗೆ ಕಾಯುತ್ತೇನೆ. ಅಲ್ಲಿಯೂ ಅದೇ ಮೂರು ಮಾತು, ಹತ್ತಿರದವರಿಗೆ ಕೇಳುವಷ್ಟು.